ಪ್ಯಾಟಿ ದರದ ಫೈಲಿನಿಂದ ಬೇಕಾದ ಕಾಲಂ ಅಷ್ಟೇ ತೆಗೆಯೋದು ಹೆಂಗ?

ನಮ್ಮ ಹತ್ತರಗಿ ಪುಣೆ–ಬೆಂಗಳೂರು ಹೆದ್ದಾರಿ ಮ್ಯಾಲಿನ ಊರು. ಮಾಲು ತುಂಬಿದ ಗಾಡಿ ಒಂದು ಕಡೆ ಹೊಳ್ಳಿದ್ರ ಬೆಳಗಾವಿ, ಇನ್ನೊಂದು ಕಡೆ ಹೊಳ್ಳಿದ್ರ ಕೊಲ್ಹಾಪುರ. ಯಾವ ಕಡೆ ಹೋಗಬೇಕು ಅನ್ನೋದನ್ನ ಬಹಳ ಮಂದಿ ಫೋನಿನಾಗ ಕೇಳಿದ ಒಂದೇ ಮಾತಿನ ಮ್ಯಾಲೆ ತೀರ್ಮಾನ ಮಾಡ್ತಾರ. ಫೋನಿನಾಗ ಹೇಳೋದು ಬಹಳ ಸಲ ಅವತ್ತಿನ ಗರಿಷ್ಠ ದರ. ನಿಮ್ಮ ಮಾಲಿಗೆ ಸಿಗೋದು ಅದಲ್ಲ.

ನೋಡಬೇಕಾದದ್ದು ಮೋಡಲ್ ದರ, ಅಂದ್ರ ಅವತ್ತು ಹೆಚ್ಚು ಮಾಲು ಮಾರಾಟ ಆದ ದರ. ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಅಗ್‌ಮಾರ್ಕ್‌ನೆಟ್‌ನ ದಿನದ ದರಗಳು ಸಿಎಸ್‌ವಿ ಫೈಲಾಗಿ ಸಿಗ್ತಾವ. ಇಡೀ ದೇಶದ ಫೈಲು, ಸಣ್ಣ ಪರದೆ ಮ್ಯಾಲೆ ಓದಾಕ ಆಗೂದಿಲ್ಲ. ಅದಕ್ಕ ಇವತ್ತಿನ ಪಾಠ.

ಫೈಲಿನೊಳಗ ಏನೈತಿ?

ಸಿಎಸ್‌ವಿ ಅಂದ್ರ ಬರೀ ಅಕ್ಷರದ ಫೈಲು. ಒಂದು ಸಾಲು ಅಂದ್ರ ಒಂದು ಪ್ಯಾಟಿಯ ಒಂದು ಬೆಳೆ. ಕಾಲಂಗಳ ನಡುವೆ ಅಲ್ಪವಿರಾಮ ಇರ್ತದ. ಕಾಲಂಗಳು ಈ ಕ್ರಮದಾಗ ಇರ್ತಾವ: 1 ರಾಜ್ಯ, 2 ಜಿಲ್ಲೆ, 3 ಮಾರುಕಟ್ಟೆ, 4 ಬೆಳೆ, 5 ತಳಿ, 6 ದರ್ಜೆ, 7 ದಿನಾಂಕ, 8 ಕನಿಷ್ಠ, 9 ಗರಿಷ್ಠ, 10 ಮೋಡಲ್. ದರ ಎಲ್ಲಾ ಕ್ವಿಂಟಲ್ಲಿಗೆ ರೂಪಾಯಿ ಲೆಕ್ಕ.

ತಯಾರಿ

ಫೋನಿಗೆ ಟರ್ಮಕ್ಸ್ ಆ್ಯಪ್ ಹಾಕಿಕೊಳ್ರಿ. ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ ಸಿಗ್ತದ. ಆ್ಯಪಿಗೆ ಫೋನಿನ ಫೈಲು ತೆರೆಯೋ ಅನುಮತಿ ಕೊಟ್ಟು, ಡೌನ್‌ಲೋಡ್ ಮಾಡಿದ ಫೈಲಿಗೆ ‘ದರ’ ಅಂತ ಸಣ್ಣ ಹೆಸರು ಇಟ್ಟು, ಆ ಫೋಲ್ಡರಿಗೆ ಹೋಗ್ರಿ. ಕೆಳಗಿನ ಆಜ್ಞೆಗಳನ್ನ ಕನ್ನಡದಾಗ ಬರೆದೀನಿ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸ್ರಿ.

ಮುಖ್ಯ ಆಜ್ಞೆ: ಕಟ್

ಹೆಸರು ಸಿ, ಯು, ಟಿ ಮೂರೇ ಅಕ್ಷರ.

ಕಟ್ -ಡಿ, -ಎಫ್3,4,7-10 ದರ.ಸಿಎಸ್‌ವಿ

ಡಿ ಮುಂದಿನ ಅಲ್ಪವಿರಾಮ ಕಾಲಂ ಎಲ್ಲಿ ಮುಗೀತದ ಅಂತ ಹೇಳ್ತದ. ಎಫ್ ಮುಂದಿನ ಅಂಕಿ ಯಾವ ಕಾಲಂ ಬೇಕು ಅಂತ ಹೇಳ್ತದ. 7-10 ಅಂದ್ರ 7ರಿಂದ 10ರವರೆಗೆ. ಡಿ ಬಿಟ್ರ ಕಟ್ ಟ್ಯಾಬ್ ಗುರುತು ಹುಡುಕ್ತದ, ಅದು ಸಿಗದಿದ್ರ ಇಡೀ ಸಾಲು ಹಂಗೇ ಬರ್ತದ.

ಉಳ್ಳಾಗಡ್ಡಿ ಅಷ್ಟೇ, ಕೊಲ್ಹಾಪುರ ಅಷ್ಟೇ ಬೇಕಂದ್ರ ಮೊದಲು ಗ್ರೆಪ್‌ನಿಂದ ಸಾಲು ಸೋಸಿ, ಆಮ್ಯಾಲೆ ಕಾಲಂ ಕತ್ತರಿಸ್ರಿ. ಗ್ರೆಪ್ ಅಂದ್ರ ಜಿ, ಆರ್, ಇ, ಪಿ. ನಡುವಿನ ನೆಟ್ಟಗಿನ ಗೆರೆ ಒಂದರ ಫಲಿತಾಂಶವನ್ನ ಮುಂದಿನದಕ್ಕ ದಾಟಸ್ತದ.

ಗ್ರೆಪ್ -ಐ ಆನಿಯನ್ ದರ.ಸಿಎಸ್‌ವಿ | ಗ್ರೆಪ್ -ಐ ಕೊಲ್ಹಾಪುರ್ | ಕಟ್ -ಡಿ, -ಎಫ್3,4,7-10

ಬೆಳಗಾವಿಗೂ ಇದನ್ನೇ ಮಾಡ್ರಿ. ಊರಿನ ಹೆಸರು 2014ರಲ್ಲಿ ಬದಲಾದ್ರೂ ಸರ್ಕಾರಿ ಫೈಲಿನಾಗ ಹಳೆಯ ‘ಬೆಲ್ಗಾಮ್’ ಇರಬಹುದು. ಒಂದು ಹೆಸರಿಗೆ ಏನೂ ಬರಲಿಲ್ಲ ಅಂದ್ರ ಇನ್ನೊಂದನ್ನ ಹಾಕಿ ನೋಡ್ರಿ.

ಎಚ್ಚರ ಇರಬೇಕಾದ ಮೂರು ಜಾಗ

1. ಹೆಸರಿನೊಳಗೇ ಅಲ್ಪವಿರಾಮ ಇದ್ರ ಕಟ್‌ಗೆ ತಿಳಿಯೂದಿಲ್ಲ, ಕಾಲಂ ಒಂದು ಮನಿ ಸರೀತದ. ದಿನಾಂಕದ ಜಾಗದಾಗ ದಿನಾಂಕ ಇಲ್ಲದ ಸಾಲು ನಂಬಬ್ಯಾಡ್ರಿ.

2. ಎಫ್10,3 ಅಂತ ಬರೆದ್ರೂ ಮೊದಲು 3, ಆಮ್ಯಾಲೆ 10 ಬರ್ತದ. ಕ್ರಮ ಬದಲಾಗಬೇಕಂದ್ರ ಆಕ್ ಅನ್ನೋ ಸಾಧನ ಬೇಕು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನ ಮಾಡಿದ ಆಹೋ, ವೈನ್‌ಬರ್ಗರ್, ಕರ್ನಿಗನ್ ಅವರ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು.

3. ಫಲಿತಾಂಶ ಉಳಿಸಾಕ ಆಜ್ಞೆಯ ಕೊನಿಗೆ >> ಹಾಕಿ ಫೈಲಿನ ಹೆಸರು ಬರೀರಿ. ಒಂದೇ > ಹಾಕಿದ್ರ ಹಿಂದಿನ ದಿನಗಳ ಲೆಕ್ಕ ಅಳಿಸಿ ಹೋಗ್ತದ.

ಲೆಕ್ಕ ಹೆಂಗ ಹಾಕೋದು?

ಉದಾಹರಣೆಗಷ್ಟೇ ಈ ಅಂಕಿ. ಬೆಳಗಾವಿಯಲ್ಲಿ ಗರಿಷ್ಠ 2600, ಮೋಡಲ್ 1500. ಕೊಲ್ಹಾಪುರದಲ್ಲಿ ಗರಿಷ್ಠ 2400, ಮೋಡಲ್ 1700. ಗರಿಷ್ಠ ನೋಡಿದವರು ಬೆಳಗಾವಿಗೆ ಹೋಗ್ತಾರ. ಮೋಡಲ್ ನೋಡಿದವರಿಗೆ ಕೊಲ್ಹಾಪುರದಲ್ಲಿ ಕ್ವಿಂಟಲ್ಲಿಗೆ 200 ಜಾಸ್ತಿ, 20 ಕ್ವಿಂಟಲ್ಲಿಗೆ 4000. ಆದ್ರ ಕೊಲ್ಹಾಪುರ ದೂರ. ಹೆಚ್ಚಿನ ಗಾಡಿ ಬಾಡಿಗಿ, ಟೋಲ್, ಹಮಾಲಿ, ಕಮಿಷನ್ ವ್ಯತ್ಯಾಸ ಎಲ್ಲಾ ಕೂಡಿ 4000ಕ್ಕಿಂತ ಕಡಿಮಿ ಇದ್ರ ಮಾತ್ರ ಆ ಕಡೆ ಗಾಡಿ ಹೊಳ್ಳಸ್ರಿ.

ನನ್ನಂಗ ಸಾವಯವ ಬೆಳೆಯೋರಿಗೆ ಒಂದು ಮಾತು. ಈ ದರ ಎಲ್ಲಾ ಮಾಲಿನದು, ಸಾವಯವದ್ದು ಬ್ಯಾರೆ ಇಲ್ಲ. ನೇರ ಗಿರಾಕಿ ಜೊತಿ ಮಾತಾಡುವಾಗ ಇದನ್ನ ತಳದ ದರ ಅಂತ ಇಟ್ಟುಕೊಂಡು, ಅಲ್ಲಿಂದ ಮ್ಯಾಲೆ ಕೇಳ್ರಿ.

ಒಂದು ದಿನದ ದರ ನೋಡಿ ಕೊಯ್ಲು ಮಾಡಬ್ಯಾಡ್ರಿ. ನಾಳೆಯಿಂದ ಏಳು ದಿನ, ದಿನಕ್ಕೊಂದು ಸಲ ಫೈಲ್ ಇಳಿಸಿ, ಇದೇ ಆಜ್ಞೆ ಕೊಟ್ಟು ಒಂದೇ ಕಡೆ ಸೇರಿಸ್ರಿ. ವಾರದ ಕೊನಿಗೆ ಮೋಡಲ್ ಕಾಲಂ ಮ್ಯಾಲಿಂದ ಕೆಳಗ ಓದಿದ್ರ ಪ್ಯಾಟಿ ಏರ್ತಾ ಐತೋ ಇಳೀತಾ ಐತೋ ನಿಮ್ಮ ಕಣ್ಣಿಗೇ ಕಾಣ್ತದ.