ಕ್ಯಾಶುವಾಲ್ಟಿಯಲ್ಲಿ ಆಡಿದ ಮಾತು

ಕಾರು ಗುದ್ದಿ ಬೈಕ್ ಸವಾರನ ತೊಡೆ ಮೂಳೆ ಮುರಿದಿದೆ. ಕರೆತಂದ ಭಾವಮೈದನಿಗೆ ಪೊಲೀಸರ ಸಹವಾಸ ಬೇಡ. ‘ಹೇಗಾಯ್ತಪ್ಪಾ?’ ಎಂದು ಡ್ಯೂಟಿ ಡಾಕ್ಟರು ಕೇಳಿದರೆ ‘ಸ್ಕಿಡ್ ಆಗಿ ಬಿದ್ರು ಸಾರ್’ ಎನ್ನುತ್ತಾನೆ. ಕೇಸ್ ಶೀಟಿನಲ್ಲಿ ‘ಸೆಲ್ಫ್ ಫಾಲ್’ ಎಂದು ದಾಖಲಾಗುತ್ತದೆ. ಬಿಲ್ಲು ಲಕ್ಷ ದಾಟಿದ ಮೇಲೆ ಮನೆಯವರು ಕಾರಿನ ನಂಬರು ಹಿಡಿದು ಠಾಣೆಗೆ ಹೋಗುತ್ತಾರೆ. ಮುಂದೆ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ಒಂದು ಹಾಳೆ ತೋರಿಸಿದರೆ ಸಾಕು: ‘ಇಲ್ಲಿ ಕಾರಿನ ಸುದ್ದಿಯೇ ಇಲ್ಲವಲ್ಲ? ಪರಿಹಾರಕ್ಕೆಂದು ಆಮೇಲೆ ಸೇರಿಸಿದ್ದೀರಿ, ಅಲ್ಲವೆ?’ ನಿಜವಾಗಿ ಪೆಟ್ಟು ತಿಂದವರೇ ಹೀಗೆ ಸುಳ್ಳುಗಾರರಂತೆ ಕಟಕಟೆಯಲ್ಲಿ ತಡವರಿಸುವುದನ್ನು ನೋಡಿ ನೋಡಿ ಸಾಕಾಗಿದೆ.

ಡಾಕ್ಟರಿಗೆ ನಡೆದದ್ದನ್ನೇ ಹೇಳಿ: ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ. ನಂಬರು ಗೊತ್ತಿಲ್ಲದಿದ್ದರೆ ‘ಬಿಳಿ ಕಾರು’ ಎಂದರೂ ಸರಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್ ದಾಖಲೆ, ಮಾಡಿಸಿ. ‘ಎಂಎಲ್‌ಸಿ ಆದರೆ ಮೆಡಿಕ್ಲೇಮ್ ಸಿಗಲ್ಲ’ ಎಂದು ಕೆಲವು ಖಾಸಗಿ ಆಸ್ಪತ್ರೆಯವರು ಹೆದರಿಸುತ್ತಾರೆ. ನಂಬಬೇಡಿ, ಅವರಿಗೆ ಕೋರ್ಟಿಗೆ ಸಾಕ್ಷಿಗೆ ಬರಲು ಬೇಜಾರು, ಅಷ್ಟೇ. ಈಗಾಗಲೇ ತಪ್ಪು ಬರೆದಾಗಿದ್ದರೆ ತಡಮಾಡದೆ ಲಿಖಿತ ಅರ್ಜಿ ಕೊಟ್ಟು, ದಿನಾಂಕದೊಂದಿಗೆ ಸರಿಯಾದ ಸಂಗತಿ ಸೇರಿಸಲು ಕೇಳಿ. ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಹಳೆಯ ಸಾಲನ್ನು ಮಾತ್ರ ಅಳಿಸಕೂಡದು. ವೈಟ್ನರ್ ಬಿದ್ದ ಕೇಸ್ ಶೀಟು ತಪ್ಪು ಕೇಸ್ ಶೀಟಿಗಿಂತ ಕೆಟ್ಟದ್ದು. ನಿಜಕ್ಕೂ ತಾವೇ ಬಿದ್ದವರು ಬ್ರೋಕರ್ ಮಾತು ಕೇಳಿ ಪರಿಚಯದವರ ಗಾಡಿ ಸೇರಿಸಿದರೆ ಅದು ಕ್ರಿಮಿನಲ್ ಕೇಸು.

ದೂರು ಅವತ್ತೇ ಆಗಲಿ. ‘ನಮ್ಮ ಲಿಮಿಟ್ ಅಲ್ಲ’ ಎಂದು ಠಾಣೆಯಲ್ಲಿ ಸಾಗಹಾಕಿದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಂ ನೆನಪಿಸಿ: ಅಪರಾಧ ಎಲ್ಲೇ ನಡೆದಿರಲಿ, ಅವರು ಮಾಹಿತಿ ದಾಖಲಿಸಿಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆಗಲೂ ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಕಾರಿನವರು ಹತ್ತೋ ಇಪ್ಪತ್ತೋ ಸಾವಿರ ಕೈಗಿಟ್ಟು ‘ಕೇಸು ಬೇಡ’ ಎಂದು ಬರೆಸಿಕೊಳ್ಳಲು ಬರುತ್ತಾರೆ. ಒಳಗೆ ಹಾಕಿದ ರಾಡು ತೆಗೆಸಲು ಇನ್ನೊಂದು ಆಪರೇಷನ್ ಬೇಕಾದಾಗ ಆ ಮನುಷ್ಯ ಫೋನೇ ಎತ್ತುವುದಿಲ್ಲ.

ಇನ್ನು ದುಡ್ಡು ಕೊಡುವವರು ಯಾರು? ಗುದ್ದಿದ ವಾಹನದ ವಿಮಾ ಕಂಪನಿ. ನಿಮ್ಮ ಕಾರಿನ ‘ಫುಲ್ ಇನ್ಶೂರೆನ್ಸ್’ ರಿಪೇರಿಗೆ ಆಗುತ್ತದೆ. ಅದರೊಳಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ಚಾಲಕನ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆ ಬಿಲ್ಲಿಗಲ್ಲ. ಖಾಸಗಿ ಕಾರಿನಲ್ಲಿ ಜೊತೆಗೆ ಕೂತವರಿಗೆ ಪ್ಯಾಕೇಜ್ ಪಾಲಿಸಿ ಇದ್ದರೆ ಆ ಕಾರಿನ ಕಂಪನಿಯಿಂದಲೇ ಪರಿಹಾರ ಕೇಳಬಹುದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಕಂಪನಿ ಕೈಯೆತ್ತುತ್ತದೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರಿ ಯೋಜನೆಯಿಂದ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ಇದಕ್ಕೆ ಎಸಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ಮೊದಲ 7 ದಿನದ ಚಿಕಿತ್ಸೆಗೆ 1.5 ಲಕ್ಷದವರೆಗೆ ನಗದುರಹಿತ ಯೋಜನೆ 2025ರ ಮೇ ತಿಂಗಳಿಂದಿದೆ. ಕೌಂಟರಿನಲ್ಲಿ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ. ಬೆಂಗಳೂರಿನಲ್ಲಿ ಅಪಘಾತವಾಗಿ ಊರು ಸಿಂಧನೂರಾದರೆ ನಿಮ್ಮ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಗಡುವಿದೆ. ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ ನಿಜ, ಆದರೆ ಅದನ್ನು ನಂಬಿ ಕೂರಬೇಡಿ. ಚಿಕಿತ್ಸೆ ಮುಗಿಯಲೆಂದೂ ಕಾಯಬೇಡಿ. ನಂತರದ ಬಿಲ್ಲುಗಳನ್ನು ಸಾಕ್ಷ್ಯದ ಹೊತ್ತಿಗೆ ಹಾಜರುಪಡಿಸಬಹುದು. ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮೊದಲ ವರದಿ ಕಳಿಸಬೇಕೆಂದು ನಿಯಮ ಹೇಳುತ್ತದೆ. ಕಳಿಸಿದ್ದಾರೆಯೇ ಎಂದು ಠಾಣೆಯಲ್ಲಿ ಕೇಳಿ ನೋಡಿ, ಉತ್ತರ ಬಂದರೆ ನಿಮ್ಮ ಪುಣ್ಯ.

ತಪ್ಪು ಯಾರದೆಂದು ಸಾಬೀತು ಮಾಡದೆಯೇ 164ನೇ ಕಲಂ ಅಡಿ ತೀವ್ರ ಗಾಯಕ್ಕೆ 2.5 ಲಕ್ಷ ಸಿಗುತ್ತದೆ. ಕಂಪನಿಯ ಅಧಿಕಾರಿ ಈ ಮೊತ್ತಕ್ಕೆ ಒಪ್ಪಿ ಸಹಿ ಹಾಕಿ ಎಂದಾಗ ಅವಸರ ಬೇಡ. ಆ ಹಣ ಪಡೆದರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಬಿಲ್ಲೇ ನಾಲ್ಕು ಲಕ್ಷ ಆಗಿರುವವರು ಯೋಚಿಸಬೇಕು.

ಬಿಲ್ಲುಗಳ ಮೂಲ ಪ್ರತಿ ಬೇಕು. ಔಷಧಿ ಅಂಗಡಿಯ ಚೀಟಿ ಜೊತೆಗೆ ಡಾಕ್ಟರ ಚೀಟಿಯೂ ಇರಲಿ. ಮೆಡಿಕ್ಲೇಮಿಗೆ ಮೂಲ ಬಿಲ್ಲು ಕೊಡುವಂತಿದ್ದರೆ ದೃಢೀಕೃತ ನಕಲು ಇಟ್ಟುಕೊಳ್ಳಿ, ಬಂದ ಹಣವನ್ನು ಮುಚ್ಚಿಡಬೇಡಿ. ಥರ್ಮಲ್ ಕಾಗದದ ಅಕ್ಷರ ಮಾಸುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ.

ವಾರ್ಡಿನ ಬಾಗಿಲಲ್ಲೇ ಕಾಯುವ ಏಜೆಂಟರಿಗೆ ಖಾಲಿ ವಕಾಲತ್ತಿಗೂ ಚೆಕ್ಕಿಗೂ ಸಹಿ ಹಾಕಿಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತದೆ. ಸಹಾಯವಾಣಿ 15100.