ಸೋರುವ ಇಂಧನ ಕವಾಟ

ಮನೆಯ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದರಡಿಯಲ್ಲಿ ಒಂದು ಪಾತ್ರೆಯನ್ನಿಟ್ಟು ನಾವು ಕೆಲವು ದಿನ ಸುಮ್ಮನಿರಬಹುದು. ಲಘು ವಿಮಾನದ ಇಂಧನ ಕವಾಟವೂ ಒಂದು ಬಗೆಯ ನಲ್ಲಿಯೇ ಸರಿ. ಆದರೆ ಅದು ಸೋರತೊಡಗಿದರೆ ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ ದುರಸ್ತಿ ಮಾಡದೆ ಗತ್ಯಂತರವಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಮೇಲೇರಿ ಹೋಗದೆ ವಿಮಾನದ ಒಳನೆಲದ ತಗ್ಗುಗಳಲ್ಲಿ ತಂಗುತ್ತದೆ. ಅಲ್ಲಿ ಒಂದು ವಿದ್ಯುತ್ ಕಿಡಿ ಹಾರಿದರೆ ಸಾಕು, ಅನಾಹುತವಾದೀತು.

1956ರಲ್ಲಿ ಮಾರಾಟಕ್ಕೆ ಬಂದ ಅಮೆರಿಕದ ಸೆಸ್ನಾ 172 ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ರೆಕ್ಕೆಗಳು ಚಾಲಕನ ತಲೆಗಿಂತ ಮೇಲಿವೆ. ಎರಡು ರೆಕ್ಕೆಗಳೊಳಗೂ ಒಂದೊಂದು ಇಂಧನದ ತೊಟ್ಟಿ ಇದೆ. ಕವಾಟದ ಹಿಡಿಯಾದರೋ ಮುಂದಿನ ಎರಡು ಆಸನಗಳ ನಡುವೆ ನೆಲದ ಮೇಲಿರುತ್ತದೆ. ಅದನ್ನು ತಿರುಗಿಸಿ ಎಡದ ತೊಟ್ಟಿಯಿಂದಲೋ ಬಲದಿಂದಲೋ ಎರಡರಿಂದಲೋ ಇಂಧನವನ್ನು ಪಡೆಯಬಹುದು. ಹಿಡಿಯಿಂದ ಕೆಳಗಿಳಿಯುವ ದಂಡವು ಕವಾಟದ ಒಡಲನ್ನು ಹೊಕ್ಕು ಒಳಗಿನ ಭಾಗವನ್ನು ತಿರುಗಿಸುತ್ತದೆ. ದಂಡ ತಿರುಗಬೇಕು, ಆದರೆ ಅದರ ಸುತ್ತಲಿನ ಸಂದಿನಿಂದ ಇಂಧನ ಹೊರಬರಕೂಡದು. ಈ ಎರಡನ್ನೂ ಸಾಧಿಸುವುದು ಬಳೆಯಾಕಾರದ ಒಂದು ಸಣ್ಣ ರಬ್ಬರು ಉಂಗುರ; ಇದಕ್ಕೆ ಓ-ರಿಂಗ್ ಎಂದು ಹೆಸರು.

ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್‌ಸನ್ ಎಂಬ ಯಂತ್ರಶಿಲ್ಪಿ ಎಪ್ಪತ್ತು ದಾಟಿದ ಮೇಲೆ, 1937ರಲ್ಲಿ, ಇದರ ಪೇಟೆಂಟಿಗೆ ಅರ್ಜಿ ಹಾಕಿದನು. 1939ರಲ್ಲಿ ಅದು ದೊರೆಯಿತು. ಇದರ ತತ್ತ್ವ ಬಹು ಸರಳವಾದುದು. ಉಂಗುರವು ತಾನು ಕುಳಿತಿರುವ ತೋಡಿನ ಆಳಕ್ಕಿಂತ ತುಸು ದಪ್ಪವಾಗಿರುವುದರಿಂದ ಅದುಮಿಕೊಂಡೇ ಇರುತ್ತದೆ. ದ್ರವದ ಒತ್ತಡ ಬಂದಾಗ ಅದು ತೋಡಿನ ಒಂದು ಪಕ್ಕಕ್ಕೆ ಸರಿದು ಸಂದನ್ನು ಮತ್ತಷ್ಟು ಬಿಗಿಯಾಗಿ ಮುಚ್ಚುತ್ತದೆ. ಒಳನುಗ್ಗಲು ಬಂದ ಶತ್ರುವಿನಿಂದಲೇ ಬಾಗಿಲನ್ನು ಹಾಕಿಸಿದಂತೆ!

ತೊಟ್ಟಿಯು ಕವಾಟಕ್ಕಿಂತ ಒಂದೂವರೆ ಮೀಟರ್ ಮೇಲಿದೆ ಎಂದಿಟ್ಟುಕೊಳ್ಳೋಣ. ಪೆಟ್ರೋಲಿನ ಸಾಂದ್ರತೆ ನೀರಿನದರ ಸುಮಾರು 0.72ರಷ್ಟು. ಲೆಕ್ಕ ಮಾಡಿದರೆ ಕವಾಟದ ಮೇಲಣ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚು. ಇದು ಅಲ್ಪವೇ, ಆದರೆ ವಿಮಾನ ನಿಂತಿರುವಾಗಲೂ ಹಗಲಿರುಳು ಬಿಡದೆ ಒತ್ತುತ್ತಿರುತ್ತದೆ. ಉಂಗುರ ಸವೆದರೆ ಪೆಟ್ರೋಲು ಹೊರಗೆ ಜಿನುಗುತ್ತದೆ. ಪೈಪರ್ ಚೆರೊಕಿಯಂತಹ ವಿಮಾನದಲ್ಲಿ ರೆಕ್ಕೆ ಕೆಳಗಿರುವುದರಿಂದ ಪಂಪು ಇಂಧನವನ್ನು ಮೇಲಕ್ಕೆ ಹೀರಬೇಕು. ಅಲ್ಲಿ ಎಂಜಿನು ನಡೆಯುತ್ತಿರುವಾಗ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಬಹುದು. ಆಗ ಅಂಥದೇ ಸವೆದ ಉಂಗುರ ಇಂಧನವನ್ನು ಹೊರಬಿಡದೆ ಗಾಳಿಯನ್ನು ಒಳಗೆ ಬಿಡುತ್ತದೆ, ಎಂಜಿನು ತಡವರಿಸುತ್ತದೆ. ಒಂದು ತೊಟ್ಟೂ ಕಾಣದ ಈ ಸೋರಿಕೆಯೇ, ನಮ್ಮ ಎಣಿಕೆಯಲ್ಲಿ, ಹೆಚ್ಚು ಮೋಸದ್ದು.

ಹೊರಸೋರಿಕೆಗೆ ಬಣ್ಣದ ಸಾಕ್ಷಿಯುಂಟು. ಇಂತಹ ವಿಮಾನಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ 100 ಎಲ್‌ಎಲ್ ಎಂಬ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲು ಆರಿಹೋದರೂ ನೀಲಿ ಕಲೆ ಉಳಿಯುತ್ತದೆ. ಆದರೆ ಇಂಧನ ಕೊಳವೆಯ ಮೈಯನ್ನು ಹಿಡಿದು ಹರಿದು ದೂರದಲ್ಲೆಲ್ಲೋ ತೊಟ್ಟಿಕ್ಕಬಹುದಾದ್ದರಿಂದ ಕಲೆಯ ಕೆಳತುದಿಯನ್ನಲ್ಲ, ಮೇಲ್ತುದಿಯನ್ನು ಹುಡುಕಬೇಕು.

ಕವಾಟ ಬಿಚ್ಚುವ ಕೆಲಸ ಪರವಾನಗಿ ಪಡೆದ ಎಂಜಿನಿಯರನದು. ಅವನು ಮೊದಲು ಬ್ಯಾಟರಿಯ ಸಂಪರ್ಕವನ್ನು ತೆಗೆಯುತ್ತಾನೆ. ಬಳಿಕ ವಿಮಾನದ ಲೋಹದ ಒಡಲನ್ನೂ ಪೆಟ್ರೋಲು ಹಿಡಿಯುವ ಲೋಹದ ಪಾತ್ರೆಯನ್ನೂ ಒಂದು ತಂತಿಯಿಂದ ಜೋಡಿಸುತ್ತಾನೆ. ಹರಿಯುವ ಪೆಟ್ರೋಲಿನಿಂದ ಸ್ಥಿರವಿದ್ಯುತ್ತು ಶೇಖರವಾಗಿ ಕಿಡಿ ಹಾರಬಹುದಾದ್ದರಿಂದ ಈ ಎಚ್ಚರಿಕೆ. ತೊಟ್ಟಿ ಬರಿದಾದ ಮೇಲೆ ಕೊಳವೆಗಳನ್ನು ಎರಡು ಸ್ಪ್ಯಾನರುಗಳಿಂದ ಬಿಚ್ಚಬೇಕು: ಒಂದರಿಂದ ಕವಾಟದ ಕಡೆಯ ಜೋಡಣೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು. ಇಲ್ಲವಾದರೆ ಮೆತ್ತನೆಯ ಅಲ್ಯೂಮಿನಿಯಮ್ ಕೊಳವೆ ತಿರುಚಿಕೊಂಡು ಹೊಸ ಸೋರಿಕೆಗೆ ಕಾರಣವಾಗುತ್ತದೆ.

ಹೊರತೆಗೆದ ಹಳೆಯ ಉಂಗುರ ಗಟ್ಟಿಯಾಗಿ, ಅದರ ದುಂಡು ಮೈ ಚಪ್ಪಟೆಯಾಗಿರುವುದುಂಟು. ಅದನ್ನು ಉಕ್ಕಿನ ಸೂಜಿಯಿಂದ ಕೀಳಬಾರದು. ತೋಡಿನಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ಉಂಗುರ ನಿಷ್ಪ್ರಯೋಜಕವಾದೀತು.

ಅಳತೆ ಸರಿಯಾಗಿದ್ದ ಮಾತ್ರಕ್ಕೆ ಯಾವ ರಬ್ಬರಾದರೂ ಆದೀತೆ? ಆಗದು. ಸಹಜ ರಬ್ಬರೂ ಪೆಟ್ರೋಲೂ ಎರಡೂ ಹೈಡ್ರೊಕಾರ್ಬನ್ನುಗಳು. ಒಂದೇ ಜಾತಿಯ ಅಣುಗಳು ಪರಸ್ಪರ ಬೆರೆಯುವುದರಿಂದ ಪೆಟ್ರೋಲು ರಬ್ಬರಿನ ಸರಪಣಿಗಳ ನಡುವೆ ನುಸುಳಿ ಅದನ್ನು ಉಬ್ಬಿಸುತ್ತದೆ. (ಸಾಮಾನ್ಯ ರಬ್ಬರು ಬ್ಯಾಂಡೊಂದನ್ನು, ಬೆಂಕಿಯಿಂದ ದೂರದಲ್ಲಿ, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿಟ್ಟು ಮುಂಚಿನ ಮತ್ತು ಅನಂತರದ ಉದ್ದವನ್ನು ಅಳೆದರೆ ವಿದ್ಯಾರ್ಥಿಗಳಿಗೆ ಇದು ಮನದಟ್ಟಾಗುವುದು.) ಆದ್ದರಿಂದ ಇಲ್ಲಿ ಬಳಸುವುದು ಬ್ಯುಟಾಡೈಈನ್ ಮತ್ತು ಅಕ್ರಿಲೊನೈಟ್ರೈಲ್ ಸೇರಿಸಿ ತಯಾರಿಸಿದ ನೈಟ್ರೈಲ್ ರಬ್ಬರನ್ನು. ಅದರ ನೈಟ್ರೈಲ್ ಗುಂಪುಗಳಲ್ಲಿ ವಿದ್ಯುದಂಶ ಅಸಮವಾಗಿ ಹಂಚಿಕೆಯಾಗಿರುವುದರಿಂದ ಪೆಟ್ರೋಲಿನ ಅಣುಗಳೊಡನೆ ಅವು ಸುಲಭವಾಗಿ ಬೆರೆಯಲಾರವು. ಉಂಗುರಕ್ಕೆ ಸವರುವ ಗ್ರೀಸೂ ಪೆಟ್ರೋಲಿನಲ್ಲಿ ಕರಗದ ಬಗೆಯದಾಗಿರಬೇಕು. ಜೋಡಣೆಯ ತಿರುಪುಗಳಿಗೆ ಟೆಫ್ಲಾನ್ ಪಟ್ಟಿ ಸುತ್ತುವುದು ಸಲ್ಲದು. ಅದರ ಚೂರೊಂದು ಹರಿದು ಹೋಗಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರವನ್ನು ಮುಚ್ಚಬಹುದು.

ಮರಳಿ ಜೋಡಿಸಿದ ಮೇಲೆ ಹಿಡಿಯ ಮೊನೆ ಎಡಕ್ಕೆ ತೋರಿದಾಗ ಎಡದ ತೊಟ್ಟಿಯಿಂದಲೇ ಇಂಧನ ಬರುತ್ತಿದೆಯೇ ಎಂದು ನೋಡಬೇಕು. ದಂಡವನ್ನು ತಪ್ಪಾಗಿ ಕೂರಿಸಿದರೆ ಚಾಲಕನು ತುಂಬಿದ ತೊಟ್ಟಿಯೆಂದು ನಂಬಿ ಬರಿದಾದುದನ್ನು ಆರಿಸಿಕೊಂಡಾನು. ಎಂಜಿನನ್ನು ಒಂದೊಂದು ಸ್ಥಾನದಲ್ಲಿಯೂ ಕೆಲವು ನಿಮಿಷ ನಡೆಸಿ, ಕವಾಟದ ಕೆಳಗೆ ಬಿಳಿಯ ಬಟ್ಟೆಯೊಂದನ್ನು ಹಾಸಿ, ರಾತ್ರಿಯೆಲ್ಲ ಹಾಗೆಯೇ ಬಿಡುತ್ತಾರೆ. ಬೆಳಿಗ್ಗೆ ಬಟ್ಟೆ ಬಿಳಿದಾಗಿಯೇ ಇದ್ದರೆ ಎಂಜಿನಿಯರನು ದಾಖಲೆ ಪುಸ್ತಕದಲ್ಲಿ ರುಜು ಹಾಕಿ ನೆಲದ ಮುಚ್ಚಳವನ್ನು ತಿರುಪಿ ಮುಚ್ಚುತ್ತಾನೆ.