ಕಟ್ಟಿಸಿದ ಹಲ್ಲಿಗೆ ನಾಲಿಗೆಯ ಆಸರೆ

ಹಲ್ಲು ಕಟ್ಟಿಸಿಕೊಂಡು ವರ್ಷವಾದರೂ ಚಪಾತಿ ಅಗಿಯಲಾಗದೆ, ಮಜ್ಜಿಗೆ ಅನ್ನವನ್ನೇ ಕಲಸಿ ನುಂಗುವ ಹಿರಿಯರು ಅನೇಕರಿದ್ದಾರೆ. ಸೆಟ್ಟು ಡಬ್ಬಿಯಲ್ಲಿ, ಮದುವೆ ಮುಂಜಿಗೆ ಮಾತ್ರ ಬಾಯಿಯಲ್ಲಿ! ‘ಡಾಕ್ಟರು ಸರಿಯಾಗಿ ಮಾಡಲಿಲ್ಲ’ ಎಂಬುದು ಸಾಮಾನ್ಯ ದೂರು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೋ ವೇಳೆ ಕೊರತೆ ಇರುವುದು ಸೆಟ್ಟಿನಲ್ಲಲ್ಲ, ಅದನ್ನು ಹಿಡಿದಿಡಬೇಕಾದ ನಾಲಿಗೆ, ತುಟಿ, ಕೆನ್ನೆಗಳ ಸ್ನಾಯುಗಳಲ್ಲಿ.

ಸ್ವಂತ ಹಲ್ಲು ದವಡೆಯ ಮೂಳೆಯಲ್ಲಿ ಬೇರೂರಿರುತ್ತದೆ. ಪೂರ್ಣ ಸೆಟ್ಟು ವಸಡಿನ ಮೇಲೆ ಕೂತಿರುತ್ತದೆ, ಅಷ್ಟೆ. ಮೇಲಿನದು ಅಂಗುಳನ್ನು ಆವರಿಸಿ ಅಂಟಿಕೊಳ್ಳುತ್ತದೆ. ಕೆಳಗಿನದು ಕುದುರೆಯ ಲಾಳದ ಆಕಾರದ್ದು. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ತುಟಿಗಳು ಆತುಕೊಂಡರೆ ಮಾತ್ರ ನಿಲ್ಲುತ್ತದೆ. ಮೆತ್ತಗಿನದನ್ನೇ ತಿನ್ನುತ್ತಾ ಹೋದಂತೆ ಈ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ.

ಜಪಾನಿನಲ್ಲಿ ಇದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಎಂಬತ್ತರ ವಯಸ್ಸಿನಲ್ಲೂ 20 ಹಲ್ಲು ಉಳಿಯಲಿ ಎಂಬ ಆಂದೋಲನ ಅಲ್ಲಿ 1989ರಲ್ಲೇ ಶುರುವಾಯಿತು. 2018ರಲ್ಲಿ ಬಾಯಿಯ ಶಕ್ತಿ ಕುಂದುವುದನ್ನೇ ಒಂದು ರೋಗನಿದಾನವಾಗಿ ಸರಕಾರಿ ವಿಮೆಯೊಳಗೆ ಸೇರಿಸಿದರು. ಅಲ್ಲಿನ ವೃದ್ಧರು ಊಟಕ್ಕೆ ಮುಂಚೆ ಹೇಳುವ ‘ಪ-ತ-ಕ-ರ’ ನಮಗೇನೂ ಹೊಸದಲ್ಲ, ನಮ್ಮ ವರ್ಣಮಾಲೆಯದೇ ಅಕ್ಷರಗಳು. ‘ಪ’ ಎನ್ನಲು ತುಟಿಗಳು ಬಿಗಿಯಾಗಿ ಮುಚ್ಚಬೇಕು, ‘ತ’ಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗಬೇಕು, ‘ಕ’ಕ್ಕೆ ನಾಲಿಗೆಯ ಬುಡ ಮೇಲೇಳಬೇಕು, ‘ರ’ಕ್ಕೆ ತುದಿ ಕಂಪಿಸಬೇಕು. ತುತ್ತನ್ನು ಬಾಯೊಳಗೆ ಹಿಡಿದಿಡಲು, ಹೊರಳಿಸಲು, ನುಂಗಲು ಬೇಕಾದ ಚಲನೆಗಳೂ ಹೆಚ್ಚುಕಡಿಮೆ ಇವೇ.

ಸೆಟ್ಟು ಹಾಕಿಕೊಂಡು, ನೆಟ್ಟಗೆ ಕುಳಿತು, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಹತ್ತು ಸಲ ಹೇಳಿ. ಬಳಿಕ ವೇಗವಾಗಿ ಹೇಳಿ. ನೀವು ‘ಪಪಪ’ ಎನ್ನುತ್ತಿರುವಾಗ ಪ್ರತಿ ಸಲಕ್ಕೂ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಲು ಮೊಮ್ಮಗನಿಗೆ ಹೇಳಿ. ಐದು ಸೆಕೆಂಡಿಗೆ 30 ಚುಕ್ಕೆ ಬೀಳದಿದ್ದರೆ ಬಾಯಿ ಮಂದವಾಗಿದೆ ಎಂದು ತಿಳಿಯಿರಿ.

ಇದರ ಜೊತೆಗೆ ನಾಲಿಗೆಯನ್ನು ಅಂಗುಳಿಗೆ ಬಲವಾಗಿ ಒತ್ತಿ ಐದು ಎಣಿಸಿ ಬಿಡಿ. ಹತ್ತು ಸಲ ಸಾಕು. ತುಟಿ ಮುಚ್ಚಿ ಕೆನ್ನೆ ಉಬ್ಬಿಸಿ, ಒಳಗೆಳೆದುಕೊಳ್ಳಿ. ದಿನಕ್ಕೆ ಎರಡು ಮೂರು ಸಲ, ಒಂದೆರಡು ತಿಂಗಳು ಬಿಡದೆ ಮಾಡಿದರೇ ಫಲ. ದವಡೆಯ ಕೀಲು ನೋಯತೊಡಗಿದರೆ ನಿಲ್ಲಿಸಿ.

ಬಾಯಿ ಒಣಗಿದ್ದರೆ ಸೆಟ್ಟು ನಿಲ್ಲದು. ಅಂಟಿಗೆ ಜೊಲ್ಲು ಬೇಕು. ರಕ್ತದೊತ್ತಡಕ್ಕೆ, ನಿದ್ದೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಜೊಲ್ಲನ್ನು ಕಡಿಮೆ ಮಾಡುತ್ತವೆ. ನೀವಾಗಿಯೇ ಮಾತ್ರೆ ಬಿಡದೆ ವೈದ್ಯರನ್ನು ಕೇಳಿ. ಊಟಕ್ಕೆ ಮುಂಚೆ ಕಿವಿಯ ಮುಂದೆ ಕೆನ್ನೆಯನ್ನು, ಬಳಿಕ ದವಡೆಯ ಅಡಿಯನ್ನು ಬೆರಳುಗಳಿಂದ ಮೆಲ್ಲಗೆ ತೀಡಿದರೆ ಜೊಲ್ಲು ಒಸರುತ್ತದೆ.

ವ್ಯಾಯಾಮ ಎಲ್ಲಕ್ಕೂ ಮದ್ದಲ್ಲ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷ ವರ್ಷವೂ ಸವೆಯುತ್ತದೆ. ಅಳತೆ ತಪ್ಪಿದ ಹಳೆಯ ಸೆಟ್ಟನ್ನು ದಂತವೈದ್ಯರೇ ಒಳಪದರ ಹಾಕಿ ಸರಿಪಡಿಸಬೇಕು, ಇಲ್ಲವೆ ಹೊಸದು ಮಾಡಬೇಕು. ರಾತ್ರಿ ಸೆಟ್ಟು ತೆಗೆದು ತಣ್ಣೀರಿನಲ್ಲಿಡಿ. ನೀರು ಕುಡಿಯುವಾಗಲೆಲ್ಲ ಕೆಮ್ಮು ಬಂದರೆ, ಅಥವಾ ವಸಡಿನ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರು ಆ ಎರಡು ವಾರವನ್ನೂ ಕಾಯಬೇಡಿ.